ಅಳಿಯನ ಕಾಲ್ಗುಣ

ಡಿಸೆಂಬರ್ ತಿಂಗಳ ಕೊನೆಯ ದಿನ ಬೆಳಿಗ್ಗೆ ಬಚ್ಚಲಿನಲ್ಲಿ ಸ್ಟೂಲಿನ ಮೇಲೆ ಕೂತು ಉಗುರು ಕತ್ತರಿಸಿಕೊಳ್ಳುತ್ತಿದ್ದ ಅರ್ಗಿರಿಸ್‌ನಿಗೆ, ತನ್ನ ಬಲಗಾಲಿನ ಬಗ್ಗೆ ಈ ಮನೆಯಲ್ಲಿ ಎಂಥ ಅಭಿಪ್ರಾಯವಿದೆಯೆಂಬುದು ಗಾಳಿಕಿಂಡಿಯ ಮೂಲಕ ತಿಳಿದುಬಂತು. ಕೆಳಗಿನ ಮನೆ ಅತ್ತೆ ಗರಿಫಲ್ಲಿಯಾಳದು. ಮೇಲಿನದು ಅವಳು ಮಗಳ ಮದುವೆಯಲ್ಲಿ ಬಳುವಳಿಯಾಗಿ ಕೊಟ್ಟದ್ದು; ಅದರೊಳಗಿನ ಅಳಿಯ ಯಾರ ಕಡೆಯಿಂದ ಬಂದದ್ದೆಂದು ಯಾರೂ ಹೆಚ್ಚು ಯೋಚಿಸಿರಲಿಲ್ಲ. ಎರಡು ಮನೆಗೂ ಬೀದಿಗೆ ಒಂದೇ ಬಾಗಿಲು, ಎರಡು ಬಚ್ಚಲಿಗೂ ಒಂದೇ ಗಾಳಿಕಿಂಡಿ. ಗುಟ್ಟಿನ ಮಾತೇನಾದರೂ ಇದ್ದರೆ ಅತ್ತೆ ಫೋನು ಹಿಡಿದುಕೊಂಡು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಹಾಗಾಗಿ ಅವಳ ಸಾಧಾರಣ ಮಾತುಗಳೊಂದೂ ಮೇಲಕ್ಕೆ ಕೇಳಿಸುತ್ತಿರಲಿಲ್ಲ, ಗುಟ್ಟುಗಳು ಮಾತ್ರ ಕೇಳಿಸುತ್ತಿದ್ದವು.

“ನೋಡು ಪ್ರೊದ್ರೊಮೊಸ್, ನಾಳೆ ಬೆಳಿಗ್ಗೆ ನೀನೇ ಮೊದಲು ಬಾ. ಅವನು ಡ್ಯೂಟಿ ಮುಗಿಸ್ಕೊಂಡು ಬರೋದರೊಳಗೆ. ಅಯ್ಯೋ, ಅವನಿಗೇನೂ ಬೇಜಾರಾಗಲ್ಲ ಬಿಡು, ಅವನು ಇದನ್ನೆಲ್ಲ ನಂಬೋನೇ ಅಲ್ಲ. ಈ ವರ್ಷ ಏನೇನಾಯ್ತು ನೀನೇ ನೋಡಿದ್ದೀಯ. ಇನ್ನೊಂದು ವರ್ಷ ಆ ಕಾಲನ್ನ ತಡ್ಕೊಳ್ಳೋ ಶಕ್ತಿ ನನಗಿಲ್ಲಪ್ಪ.”

ಪ್ರೊದ್ರೊಮೊಸ್ ಅವನ ಷಡ್ಡಕ, ನಾದಿನಿಯ ಗಂಡ, ದ್ವೀಪದ ಆಚೆ ಬದಿಯ ಮೂದ್ರೊಸ್‌ನಲ್ಲಿ ದೋಣಿ ಎಂಜಿನ್ ರಿಪೇರಿ ಮಾಡುವವನು. ಮುಟ್ಟಿದ್ದೆಲ್ಲ ಕೈಗೂಡುವ, ನಗುವಾಗ ಹೊಟ್ಟೆಯ ಮೇಲೆ ತಾನೇ ತಟ್ಟಿಕೊಳ್ಳುವ ಜಾತಿಯ ಮನುಷ್ಯ. ಅರ್ಗಿರಿಸ್ ಕತ್ತರಿಯನ್ನು ಹಾಗೇ ಗಾಳಿಯಲ್ಲಿ ಹಿಡಿದು ಕಾಲನ್ನು ನೋಡಿಕೊಂಡ. ಹೆಬ್ಬೆರಳಿನ ಮೇಲೆ ಒಂದಷ್ಟು ಕೂದಲು, ಕಿರುಬೆರಳು ತನ್ನ ಅಣ್ಣನ ಕೆಳಗೆ ಮುದುಡಿಕೊಂಡಿತ್ತು. ಮದುವೆಯಾದಾಗಿನಿಂದ ಪ್ರತಿ ಹೊಸ ವರ್ಷದ ಬೆಳಿಗ್ಗೆ ಈ ಮನೆಯ ಹೊಸ್ತಿಲು ದಾಟಿದ ಮೊದಲ ಕಾಲು ಇದೇ. ಯಾರೂ ಆರಿಸಿದ್ದಲ್ಲ. ವಿಮಾನ ನಿಲ್ದಾಣದ ಹವಾಮಾನ ಕಚೇರಿಯಲ್ಲಿ ಆ ರಾತ್ರಿಯ ಡ್ಯೂಟಿ ಯಾವಾಗಲೂ ಅವನಿಗೇ ಬೀಳುತ್ತಿತ್ತು. ಮನೆಯವರೆಲ್ಲ ಒಳಗೆ ಮಲಗಿರುವಾಗ ಹೊರಗಿನಿಂದ ಬರುವ ಪ್ರಾಣಿ ಅವನೊಬ್ಬನೇ. ಬಾಗಿಲಲ್ಲಿ ನಿಂತು, ಬಲಗಾಲು ಒಳಗಿಟ್ಟು, ಹೊಸ್ತಿಲ ಮೇಲೆ ದಾಳಿಂಬೆ ಹಣ್ಣನ್ನು ಒಡೆಯಬೇಕು. ಬೀಜ ಎಷ್ಟು ದೂರ ಚೆಲ್ಲಿದರೆ ವರ್ಷ ಅಷ್ಟು ತುಂಬಿರುತ್ತದೆ. ಅವನು ಒಡೆಯುತ್ತಿದ್ದ, ಆಮೇಲೆ ಪ್ರತಿ ಸಲವೂ, ಅತ್ತೆ ನೆಲ ಒರೆಸುತ್ತಿರುವಾಗ, ಕಾಲಿಗೂ ಕಾಲಮಾನಕ್ಕೂ ಯಾವ ಸಂಬಂಧವೂ ಇಲ್ಲವೆಂದು, ಇದನ್ನು ಸಂಭಾವ್ಯತೆಯ ಲೆಕ್ಕದಿಂದ ಹೇಗೆ ತೋರಿಸಬಹುದೆಂದು ವಿವರಿಸುತ್ತಿದ್ದ. ಅತ್ತೆ ಮಂಡಿಯೂರಿ ಬೀಜ ಆರಿಸುತ್ತ “ಹೌದಪ್ಪ, ಹೌದು” ಅನ್ನುತ್ತಿದ್ದಳು. ಅಂದರೆ ಇಷ್ಟು ವರ್ಷ ಅವನೇ ತನ್ನ ವಿರುದ್ಧ ಸಾಕ್ಷಿ ನುಡಿದಿದ್ದ. ಈಗ ಕೆಳಗೆ ಹೋಗಿ ‘ನನ್ನ ಕಾಲಿನಲ್ಲಿ ಏನೂ ದೋಷವಿಲ್ಲ’ ಅನ್ನಬೇಕೆಂದರೆ ಮೊದಲು ಕಾಲಿಗೆ ಗುಣವಿರುತ್ತದೆಂದು ಒಪ್ಪಬೇಕಾಗುತ್ತಿತ್ತು. ಒಬ್ಬ ವಿಚಾರವಾದಿ ಇಷ್ಟು ಅಚ್ಚುಕಟ್ಟಾಗಿ ತಾನೇ ತೋಡಿದ ಹಳ್ಳಕ್ಕೆ ಬಿದ್ದದ್ದನ್ನು ಅವನು ಬೇರೆಯವರ ಮನೆಯಲ್ಲಿ ನೋಡಿದ್ದರೆ ಬಹಳ ಮೆಚ್ಚುತ್ತಿದ್ದ.

ಹಾಗೆ ನೋಡಿದರೆ ಆ ವರ್ಷ ಕೆಟ್ಟದ್ದೇ. ಫೆಬ್ರವರಿಯಲ್ಲಿ ಅತ್ತೆ ಚರ್ಚಿನ ಮೆಟ್ಟಿಲ ಮೇಲೆ ಜಾರಿ ಮಣಿಕಟ್ಟು ಮುರಿದುಕೊಂಡಳು. ಬೇಸಿಗೆಯಲ್ಲಿ ನೀರಿನ ತೊಟ್ಟಿ ಬಿರುಕುಬಿಟ್ಟಿತು. ಹೆಂಡತಿ ಮೆರೋಪಿ ಕೆಲಸ ಮಾಡುತ್ತಿದ್ದ ಔಷಧಿ ಅಂಗಡಿಯ ಯಜಮಾನ ತೀರಿಕೊಂಡು ಅಂಗಡಿಯೇ ಮುಚ್ಚಿತು. ಮಗಳು ಲಿಯಾ ಗಣಿತದಲ್ಲಿ ನಪಾಸಾದಳು, ಅದೂ ಅವನೇ ಕೂತು ಹೇಳಿಕೊಟ್ಟ ಮೇಲೆ. ಬೆಕ್ಕು ಕೂಡ ಹೋಗಿ ಎದುರು ಮನೆಯಲ್ಲಿ ಸೇರಿಕೊಂಡಿತ್ತು. ಬಾಲ್ಕನಿಯಿಂದ ಕರೆದರೆ ಗುರುತು ಸಿಗದವರ ಹಾಗೆ ನೋಡುತ್ತಿತ್ತು. ಇದೆಲ್ಲ ಒಂದು ಕಾಲಿನಿಂದ ಆಗಬಹುದೇ? ಆಗಲಾರದು. ಆದರೂ ಅವನು ಕಿರುಬೆರಳಿನ ಉಗುರನ್ನು ಬೇಕಾದ್ದಕ್ಕಿಂತ ಹೆಚ್ಚು ಜೋಪಾನವಾಗಿ ಕತ್ತರಿಸಿದ.

ಮಧ್ಯಾಹ್ನದ ಊಟಕ್ಕೆ ಎಲ್ಲರೂ ಕೆಳಗೆ ಸೇರಿದರು. ಹುಂಜದ ಸಾರು, ಅದರಲ್ಲಿ ಬೆಂದ ಮನೆಯಲ್ಲೇ ಲಟ್ಟಿಸಿದ ಶಾವಿಗೆ. ಅಂಗಡಿ ಮುಚ್ಚಿದ ಮೇಲೆ ಮೆರೋಪಿ ಚಳಿ ಶುರುವಾದಾಗಿನಿಂದ ಪುರಸಭೆಯ ಹಾಲಿಗೆ ಹೋಗಿ, ಅಥೆನ್ಸಿನಿಂದ ಬರುತ್ತಿದ್ದ ಹೆಂಗಸೊಬ್ಬಳ ಮಾತು ಕೇಳಿಬಂದಿದ್ದಳು. ಹೊಸ ವರ್ಷಕ್ಕೆ ಕುಟುಂಬವೆಲ್ಲ ಒಂದು ಮೇಜಿನ ಸುತ್ತ ಕೂತು, ಸರಿಯಾದ ಮನೋಭಾವದಿಂದ, ಒಬ್ಬೊಬ್ಬರೂ ತಮ್ಮ ಗುರಿ ಹೇಳಬೇಕು. ಇಲ್ಲ, ಬೇಡ, ಬಾರದು ಎಂಬ ಮಾತುಗಳು ಬರಕೂಡದು. ಯಾರೂ ಯಾರನ್ನೂ ದೂರುವ ಹಾಗಿಲ್ಲ. ಹೇಳಿದ ತಕ್ಷಣ ಉಳಿದವರೆಲ್ಲ ಒಟ್ಟಿಗೆ ‘ನಾವು ನಿನ್ನ ಜೊತೆಗಿದ್ದೇವೆ’ ಅನ್ನಬೇಕು. ಇದನ್ನು ಮನೆಗೆ ತಂದಾಗ ಅರ್ಗಿರಿಸ್ ಎಲ್ಲರಿಗಿಂತ ಹೆಚ್ಚು ಉತ್ಸಾಹ ತೋರಿಸಿದ್ದ. ದಾಳಿಂಬೆಗಿಂತ ಇದು ಎಷ್ಟೋ ವೈಜ್ಞಾನಿಕ ಅಂದಿದ್ದ. ಆ ಮಾತೂ ಅತ್ತೆಯ ಕಿವಿಗೆ ಬಿದ್ದಿರಬೇಕು.

ಹಿರಿಯಳೆಂದು ಅತ್ತೆಯಿಂದಲೇ ಶುರುವಾಯಿತು. ಈಸ್ಟರ್‌ಗೆ ಮುಂಚೆ ಸಾಯಬಾರದು ಅನ್ನೋದೇ ನನ್ನ ಗುರಿ ಅಂದಳು. ಲಿಯಾ ಚಮಚ ಎತ್ತಿ, ಅಜ್ಜಿ, ‘ಬಾರದು’ ಅನ್ನೋ ಹಾಗಿಲ್ಲ ಎಂದು ತಿದ್ದಿದಳು. ಅತ್ತೆ ಸ್ವಲ್ಪ ಹೊತ್ತು ಶಾವಿಗೆ ಅಗಿದಳು.

“ಹಾಗಾದ್ರೆ ಈಸ್ಟರ್ ಮುಗಿದ ಮೇಲೆ ಸಾಯ್ತೀನಿ.”

ನಿಯಮ ನಿಯಮವೇ. ಎಲ್ಲರೂ ಒಟ್ಟಿಗೆ ‘ನಾವು ನಿನ್ನ ಜೊತೆಗಿದ್ದೇವೆ’ ಎಂದರು. ಲಿಯಾ ನಗು ತಡೆಯಲಾರದೆ ಕರವಸ್ತ್ರವನ್ನು ಬಾಯಿಗೆ ತುರುಕಿಕೊಂಡಳು, ಆಮೇಲೆ ತನ್ನ ಸರದಿ ಬಂದಾಗ ಒಂದೇ ಉಸಿರಿಗೆ, ಗಣಿತವನ್ನು ಟ್ಯೂಷನ್ ಮೇಡಂ ಹತ್ತಿರ ಹೇಳಿಸಿಕೊಳ್ಳುತ್ತೇನೆ ಅಂದುಬಿಟ್ಟಳು. ಅದರಲ್ಲಿ ‘ಅಪ್ಪ ಬೇಡ’ ಎಂಬ ಮಾತು ಎಲ್ಲಿಯೂ ಇರಲಿಲ್ಲ. ಅಷ್ಟು ಸರಿಯಾದ ಮನೋಭಾವ. ಅರ್ಗಿರಿಸ್ ಎಲ್ಲರಿಗಿಂತ ಗಟ್ಟಿಯಾಗಿ ಜೊತೆಗಿದ್ದೇನೆಂದ. ಗಟ್ಟಿಯಾಗಿ ಅಂದದ್ದು ತನಗೇ ಕೇಳಿಸಿ ನೀರು ಕುಡಿದ.

“ನಾನು ಕಾರು ಓಡಿಸ್ತೀನಿ,” ಅಂದಳು ಮೆರೋಪಿ.

ಅವಳು ತಟ್ಟೆಯನ್ನು ನೋಡುತ್ತಲೇ ಹೇಳಿದ್ದಳು. ಅವನ ಬಲಗಾಲು ಮೇಜಿನ ಕೆಳಗೆ ತನ್ನಷ್ಟಕ್ಕೆ ನೆಲವನ್ನು ಒತ್ತಿತು. ಮೆರೋಪಿಗೆ ಲೈಸೆನ್ಸ್ ಸಿಕ್ಕಿ ಬಹಳ ಕಾಲವಾಗಿತ್ತು. ಸಿಕ್ಕಿದ ಬೇಸಿಗೆಯಲ್ಲಿ ಅವಳು ಓಡಿಸುತ್ತಿದ್ದಳು, ಅವನು ಪಕ್ಕದಲ್ಲಿ ಕೂರುತ್ತಿದ್ದ. ಏನೂ ಅನ್ನುತ್ತಿರಲಿಲ್ಲ. ಏನೂ ಅನ್ನದೆ ಇರುವುದೇ ದೊಡ್ಡ ಉಪಕಾರವೆಂದು ತಿಳಿದಿದ್ದ. ಆದರೆ ಪ್ರತಿ ತಿರುವಿನಲ್ಲಿ, ಪ್ರತಿ ಕತ್ತೆ, ಪ್ರತಿ ಮುದುಕಿ ಎದುರಾದಾಗ ಅವನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಒತ್ತಿ ಒತ್ತಿ ಆ ಕಡೆಯ ಮ್ಯಾಟಿನಲ್ಲಿ ಹಿಮ್ಮಡಿಯಗಲದ ತೂತು ಬಿದ್ದಿತ್ತು. ಕೊನೆಗೊಮ್ಮೆ ಕಾಸ್ಪಕಾಸ್ ಊರಿನ ತಿರುವಿನಲ್ಲಿ, ಎದುರಿನಿಂದ ಟ್ರ್ಯಾಕ್ಟರೊಂದು ಸಾಕಷ್ಟು ದೂರದಲ್ಲಿ ಬರುತ್ತಿರುವಾಗಲೇ, ಅವನ ಕೈ ಹೋಗಿ ಹ್ಯಾಂಡ್‌ಬ್ರೇಕ್ ಎಳೆದುಬಿಟ್ಟಿತ್ತು. ಕಾರು ಅಡ್ಡತಿರುಗಿ ನಿಂತಿತು. ಕಾಫಿ ಅಂಗಡಿಯ ಮುಂದೆ ಕೂತ ಗಂಡಸರೆಲ್ಲ ಇಸ್ಪೀಟು ಬಿಟ್ಟು ನೋಡಿದರು. ಟ್ರ್ಯಾಕ್ಟರಿನವನು ಇಳಿದು, ಮೆರೋಪಿಯನ್ನು ಬಿಟ್ಟು, ಅವನನ್ನು, ಏನು ಸ್ವಾಮಿ, ಅಮ್ಮಾವ್ರು ಗಾಬರಿಯಾದ್ರಾ ಎಂದು ಕೇಳಿದ. ಹೌದು, ಅವನು ಹೌದೆಂದೇ ಹೇಳಿದ್ದ. ಅದಾದ ಮೇಲೆ ಅವಳು ಕೀಲಿಕೈ ಮುಟ್ಟಿರಲಿಲ್ಲ. ಅವನೂ ಕೇಳಿರಲಿಲ್ಲ, ಅವಳಿಗೇ ಆಸಕ್ತಿ ಹೋಗಿರಬೇಕೆಂದು ಅಂದುಕೊಳ್ಳುವುದು ಎಲ್ಲದಕ್ಕಿಂತ ಸುಲಭವಾಗಿತ್ತು.

“ನಾವು ನಿನ್ನ ಜೊತೆಗಿದ್ದೇವೆ,” ಎಂದ ಅವನು.

“ಜೊತೆಗಿರೋದೇ ತೊಂದರೆ ಅಮ್ಮ,” ಅಂದಳು ಲಿಯಾ.

ಆಮೇಲೆ ಅವನ ಸರದಿ. ನಾಳೆ ಬೆಳಿಗ್ಗೆ ಈ ಮನೆಗೆ ನಾನೇ ಮೊದಲು ಕಾಲಿಡಬೇಕು ಎಂಬ ವಾಕ್ಯ ನಾಲಗೆಯ ತುದಿಗೆ ಬಂತು; ಅಷ್ಟು ಚಿಕ್ಕದಾದ, ಅಷ್ಟು ಮಕ್ಕಳಾಟಿಕೆಯ ಆಸೆಗೆ ಅವನು ತಾನೇ ನಾಚಿಕೊಂಡ. ಬದಲಿಗೆ, ಈ ವರ್ಷ ವಸ್ತುಸ್ಥಿತಿಯನ್ನು ಇದ್ದ ಹಾಗೆ ಸ್ವೀಕರಿಸುವ ಸಮತೋಲದ ಮನೋಭಾವವನ್ನು ಬೆಳೆಸಿಕೊಳ್ಳುತ್ತೇನೆ ಎಂದ. ಹಾಗಂದರೇನೆಂದು ಅತ್ತೆ ಕೇಳಿದಳು. ಏನಿಲ್ಲ ಅತ್ತೆ ಅಂದ. ನನಗೂ ಹಾಗೇ ಅನ್ನಿಸಿತ್ತು ಅಂದಳು. ಎಲ್ಲರೂ ಅವನ ಜೊತೆಗಿರುವುದಾಗಿ ಹೇಳಿ ಹುಂಜದ ಕಾಲುಗಳನ್ನು ಹಂಚಿಕೊಂಡರು. ಏಳುವಾಗ ಅವನು, ಎಲ್ಲೋ ನೋಡುತ್ತ, ನಾಳೆ ಎಂದಿನ ಹಾಗೆ ಬೆಳಕು ಹರಿಯುತ್ತಲೇ ಬಂದುಬಿಡುತ್ತೇನೆ ಅಂದ.

“ನಿಧಾನವಾಗಿ ಬಾರಪ್ಪ,” ಅಂದಳು ಅತ್ತೆ, ಬಹಳ ಪ್ರೀತಿಯಿಂದ. “ರಸ್ತೆ ಒದ್ದೆ ಇರುತ್ತೆ.”

ಡ್ಯೂಟಿಗೆ ಹೊರಡುವಾಗ ಮೆಟ್ಟಿಲ ಕೆಳಗಿನ ಬುಟ್ಟಿಯಲ್ಲಿ ಅತ್ತೆಯ ಗಿಡದ ದಾಳಿಂಬೆಗಳಿದ್ದವು. ಅವನು ಅತ್ತಿತ್ತ ನೋಡಿ ಒಂದನ್ನು ಕೋಟಿನ ಜೇಬಿಗೆ ಹಾಕಿಕೊಂಡ. ವಿಚಾರವಾದಿಯೊಬ್ಬ ತನ್ನದೇ ಮನೆಯಲ್ಲಿ ದಾಳಿಂಬೆ ಕದಿಯುವುದು. ಅದೂ ದೊಡ್ಡದನ್ನು ಆರಿಸಿ. ಕಚೇರಿಯಲ್ಲಿ ಅದನ್ನು ವಾಯುಭಾರಮಾಪಕದ ಪಕ್ಕದಲ್ಲಿಟ್ಟುಕೊಂಡು ಗಾಳಿಯನ್ನು ಬರೆಯುತ್ತ ಕೂತ. ಈ ಕೆಲಸಕ್ಕೆ ಸೇರಿದಾಗ ಮುದಿ ಮೇಲಧಿಕಾರಿಯೊಬ್ಬ ಕಲಿಸಿದ್ದು ಒಂದೇ ಪಾಠ: ಕಂಡದ್ದನ್ನು ಬರೆ, ಕಾಣಬೇಕೆಂದದ್ದನ್ನಲ್ಲ. ಹಡಗು ನಿಂತರೆ ಊರಿನವರು ಅವನನ್ನೇ ಬೈಯುತ್ತಿದ್ದರು, ಬಿರುಗಾಳಿಯನ್ನು ಅವನೇ ಮನೆಯಿಂದ ತಂದ ಹಾಗೆ. ಮಾಂಸದಂಗಡಿಯಲ್ಲಿ ಅವನ ಸರದಿ ಬಂದಾಗ, ನಾಳೆ ಏನು ದಯಪಾಲಿಸ್ತೀರಿ ಎಂದು ಕೇಳುತ್ತಿದ್ದರು. ಆದರೂ ಅವನು ಇಡೀ ಉದ್ಯೋಗದಲ್ಲಿ ಕಾಣದ ಒಂದು ಮೋಡವನ್ನು ಬರೆದವನಲ್ಲ. ಬದುಕಿನಲ್ಲಿ ಹೆಮ್ಮೆಪಡುವಂಥದ್ದು ಏನಾದರೂ ಇದ್ದರೆ ಇದೇ, ಮತ್ತು ಇದನ್ನು ಯಾರಿಗೂ ಹೇಳಿಕೊಳ್ಳುವ ಹಾಗಿರಲಿಲ್ಲ.

ಬೆಳಿಗ್ಗೆ ಮನೆಯತ್ತ ಹೊರಟಾಗ ಗಾಳಿ ಉತ್ತರದಿಂದ ಸಮನಾಗಿ ಬೀಸುತ್ತಿತ್ತು. ಮೂದ್ರೊಸ್‌ನಿಂದ ಅವನ ಊರು ಮಿರಿನಾಗೆ ಬರುವವರೂ ಇದೇ ರಸ್ತೆ ಹಿಡಿಯಬೇಕು. ಅಂದರೆ ಷಡ್ಡಕ ಈಗ ಮುಂದೆ ಹೋಗಿರಬೇಕು, ಇಲ್ಲವೇ ಹಿಂದೆ ಬರುತ್ತಿರಬೇಕು. ಅರ್ಗಿರಿಸ್ ಕಾರನ್ನು ಎಷ್ಟು ನಿಧಾನವಾಗಿ ಓಡಿಸಿದನೆಂದರೆ ಕುರಿ ತುಂಬಿದ ಗಾಡಿಯೊಂದು ಹಾರ್ನ್ ಮಾಡಿ ಅವನನ್ನು ದಾಟಿತು. ಕುರುಬ ಕೈಬೀಸಿ ನೂರ್ಕಾಲ ಬಾಳಿ ಎಂದು ಹರಸಿದ, ಕುರಿಗಳೂ ತಿರುಗಿ ನೋಡಿದವು. ಕನ್ನಡಿಯಲ್ಲಿ ಪ್ರೊದ್ರೊಮೊಸ್‌ನ ಬಿಳಿ ಗಾಡಿ ಮಾತ್ರ ಕಾಣಲಿಲ್ಲ. ನೇರ ಹೋಗಿ ಬಾಗಿಲು ತಳ್ಳಿದ್ದರೆ ಮುಗಿಯುತ್ತಿತ್ತು. ಆದರೆ ಅವನಿಗೆ ಬೇಕಾದದ್ದು ಒಳಗೆ ಹೋಗುವುದಲ್ಲ, ಕರೆಸಿಕೊಳ್ಳುವುದು. ಬಲಗಾಲಿಡಪ್ಪ ಎಂದು ಯಾರಾದರೂ ಬಾಗಿಲಲ್ಲಿ ನಿಂತು ಅನ್ನುವುದು. ಹೊಸ ಸೊಸೆಗೆ ಅನ್ನುವ ಹಾಗೆ. ಈ ಹೋಲಿಕೆ ಹೊಳೆದಾಗ ಅವನಿಗೆ ಒಬ್ಬನೇ ಕೂತಲ್ಲೇ ಮುಖ ಬಿಸಿಯಾಯಿತು. ಊರು ಬಂದ ಮೇಲೆ ಮನೆಯ ಬಾಲ್ಕನಿ ಕಾಣುವಷ್ಟು ದೂರದಲ್ಲಿ, ಸಮುದ್ರದ ಬದಿಗೆ, ಕಾರು ನಿಲ್ಲಿಸಿದ. ಪ್ರೊದ್ರೊಮೊಸ್ ಬಂದು, ಒಡೆದು, ನಕ್ಕು, ಹೊಟ್ಟೆ ತಟ್ಟಿಕೊಂಡು ಮುಗಿಸಲಿ. ಆಮೇಲೆ ಎರಡನೆಯವನಾಗಿ, ಏನೂ ಗೊತ್ತಿಲ್ಲದವನ ಹಾಗೆ, ಸಮತೋಲದ ಮನೋಭಾವದಿಂದ ಹೋಗುವುದು. ಅಲೆ ಕಟ್ಟೆಗೆ ಬಡಿದು ರಸ್ತೆಯ ಮೇಲೆ ಹಾರುತ್ತಿತ್ತು. ನೀರಿನಾಚೆ, ಬಹಳ ದೂರದಲ್ಲಿ, ಆಥೋಸ್ ಬೆಟ್ಟ ಹಿಮ ಹೊತ್ತು ಕಾಣಿಸುತ್ತಿತ್ತು. ನೋಟ ಬಹಳ ಸ್ಪಷ್ಟ ಎಂದು ಅಭ್ಯಾಸಬಲದಿಂದ ಮನಸ್ಸಿನಲ್ಲೇ ಬರೆದುಕೊಂಡ. ಎಷ್ಟು ಹೊತ್ತು ಕೂತಿದ್ದನೋ, ಜೇಬಿನ ದಾಳಿಂಬೆ ಮೈಶಾಖಕ್ಕೆ ಬೆಚ್ಚಗಾಗಿತ್ತು.

ಯಾರೋ ಕಿಟಕಿಗೆ ಬಡಿದರು. ಮೆರೋಪಿ. ರಾತ್ರಿಯ ಅಂಗಿಯ ಮೇಲೆ ಕೋಟು, ಕಾಲಲ್ಲಿ ಮನೆಯೊಳಗೆ ಹಾಕುವ ಮೆತ್ತನೆ ಚಪ್ಪಲಿ; ಅಲೆಯ ನೀರಿಗೆ ತೊಪ್ಪೆಯಾಗಿತ್ತು. ಅವಳು ಬಾಗಿಲು ತೆಗೆದಳು.

“ಆ ಕಡೆ ಸರಿ.”

ಅವನು ಗೇರಿನ ಮೇಲೆ ಕಾಲು ದಾಟಿಸಿ, ಸೊಂಟ ಸಿಕ್ಕಿಹಾಕಿಕೊಂಡು, ಪಕ್ಕದ ಸೀಟಿಗೆ ಜರುಗಿದ. ಅವಳು ಕೂತು ಬಾಗಿಲು ಎಳೆದುಕೊಂಡಳು. ಒಳಗೆ ಗಾಳಿಯ ಸದ್ದು ನಿಂತಿತು.

“ಪ್ರೊದ್ರೊಮೊಸ್ ಬರಲ್ಲ. ರಾತ್ರಿ ಕುಣಿಯೋಕೆ ಹೋಗಿ ಕಾಲು ಉಳುಕಿಸ್ಕೊಂಡಿದ್ದಾನಂತೆ.”

“ಯಾವ ಕಾಲು?” ಬೇಡವೆಂದರೂ ಬಾಯಿಂದ ಬಂದುಬಿಟ್ಟಿತು.

ಮೆರೋಪಿ ಅವನ ಕಡೆ ತಿರುಗಿದಳು. ನಗಬಹುದೆಂದುಕೊಂಡ, ನಗಲಿಲ್ಲ. “ಅಮ್ಮ ಕಾಫಿ ಕೂಡ ಇಡ್ತಿಲ್ಲ, ಯಾರೂ ಬಂದಿಲ್ಲ ಅಂತ. ಹೋಗ್ಲಿ, ಅವನಾದ್ರೂ ಬರ್ಲಿ ಅಂತಿದಾಳೆ. ನೀನು ಇಲ್ಲಿ ಕೂತಿದ್ದೀಯ. ಒಂದು ಗಂಟೆಯಿಂದ ಮೇಲಿಂದ ನೋಡ್ತಾ ಇದೀನಿ.”

ಅವನಾದರೂ. ಆ ಮಾತನ್ನು ಬಾಯಲ್ಲೇ ಒಮ್ಮೆ ಹೊರಳಿಸಿ ನೋಡಿದ. “ನಿನಗೆ ಗೊತ್ತಿತ್ತಾ?”

“ಆ ಬಚ್ಚಲಿಗೆ ನಾನೂ ಹೋಗ್ತೀನಲ್ಲ.”

“ಮತ್ತೆ ನನಗೆ ಹೇಳಲಿಲ್ಲ.”

“ಇಲ್ಲ. ನಿನಗೆ ಹೇಗಾಗುತ್ತೆ ನೋಡ್ಬೇಕು ಅನ್ನಿಸ್ತು.” ಅವಳು ಚಕ್ರದ ಮೇಲೆ ಎರಡೂ ಕೈ ಇಟ್ಟುಕೊಂಡಿದ್ದಳು. “ಕಾಸ್ಪಕಾಸ್‌ನಲ್ಲಿ ಆವತ್ತು ನನಗೂ ಹೀಗೇ ಆಗಿತ್ತು ಕಣೋ. ಎಲ್ಲರೂ ಒಳ್ಳೆಯವರೇ. ಯಾರೂ ಬೈದಿರಲಿಲ್ಲ.”

ಅವನಿಗೆ ಕ್ಷಮೆ ಕೇಳಬೇಕೆನ್ನಿಸಿತು. ಅದಕ್ಕಾಗಿ ಒಂದು ಒಳ್ಳೆಯ ವಾಕ್ಯವನ್ನು ಕಟ್ಟತೊಡಗಿದ. ಅದು ಉದ್ದವಾಗಿ, ಮಧ್ಯದಲ್ಲಿ ತನ್ನ ಬಾಲ್ಯವೂ ಬಂದು, ಕೊನೆಗೆ ಅವಳೇ ಅವನನ್ನು ಸಮಾಧಾನಪಡಿಸುವ ಹಾಗೆ ಮುಗಿಯುವುದನ್ನು ಕಂಡು ಕೈಬಿಟ್ಟ. ಕೆಳಗೆ ನೋಡಿದ. ಮ್ಯಾಟಿನ ತೂತು ಅಲ್ಲೇ ಇತ್ತು, ತನ್ನದೇ ಹಿಮ್ಮಡಿಯ ಅಳತೆಗೆ. ಜೇಬಿನಿಂದ ದಾಳಿಂಬೆ ತೆಗೆದು, ಬಗ್ಗಿ, ಆ ತೂತಿನ ಮೇಲಿಟ್ಟು, ಅದರ ಮೇಲೆ ಬಲಗಾಲನ್ನು ಮೆಲ್ಲಗೆ ಊರಿದ. ಒತ್ತಿದರೆ ಒಡೆಯುತ್ತದೆ. ಮೆರೋಪಿ ಅದನ್ನು ನೋಡಿದಳು. ಎಲ್ಲಿಂದ ಬಂತೆಂದು ಕೇಳಲಿಲ್ಲ. ಕಾರು ಸ್ಟಾರ್ಟ್ ಮಾಡಿದಳು.

ಮನೆ ಎದುರಿಗೇ ಇತ್ತು. ಅವಳು ಅದನ್ನು ದಾಟಿ ಮುಂದೆ ಹೋದಳು. ಸಮುದ್ರದ ದಾರಿ ಮುಗಿದು ಕೋಟೆಯ ಬುಡದ ಇಕ್ಕಟ್ಟಿನ ಬೀದಿಗಳು ಬಂದವು. ಎಂಜಿನ್ ಒಮ್ಮೆ ನಿಂತಿತು, ಮತ್ತೆ ಹೊರಟಿತು. ಚರ್ಚು ಮುಗಿಸಿ ಬರುತ್ತಿದ್ದ ಜನ ಗೋಡೆಗೆ ಅಂಟಿಕೊಂಡು ಜಾಗ ಕೊಟ್ಟರು.  ಬ್ರೆಡ್ಡಿನ ಅಂಗಡಿಯ ಮೂಲೆಯಲ್ಲಿ ಸ್ಕೂಟರೊಂದು ಗಲ್ಲಿಯಿಂದ ತಟ್ಟನೆ ಹೊರಬಂತು. ಕಾಲಡಿಯಲ್ಲಿ ಸಿಪ್ಪೆ ಕಿರ್ರೆಂದಿತು. ಅವನು ಎರಡೂ ಕೈಗಳಿಂದ ತನ್ನ ತೊಡೆಯನ್ನು ಹಿಡಿದು ಮೇಲಕ್ಕೆಳೆದುಕೊಂಡ, ಬಾವಿಯಿಂದ ಏನನ್ನೋ ಎತ್ತುವವನ ಹಾಗೆ. ಮೆರೋಪಿ ಬ್ರೇಕ್ ಹಾಕಿದಳು. ಸ್ಕೂಟರಿನವನು ಕೈಯೆತ್ತಿ ಹೋದ. ಅಷ್ಟೇ, ಬ್ರೇಕ್ ಅವಳ ಕಡೆಯಲ್ಲೇ ಇತ್ತು, ಯಾವಾಗಲೂ ಅಲ್ಲೇ ಇತ್ತು. ದಾಳಿಂಬೆಯಲ್ಲಿ ಕೂದಲೆಳೆಯ ಬಿರುಕು ಬಿಟ್ಟು ಒಂದು ಹನಿ ರಸ ಅವನ ಬೂಟಿಗೆ ಹತ್ತಿತ್ತು. ಅವಳು ಕೋಟೆಯನ್ನು ಇಡೀ ಸುತ್ತಿ ಬಂದಳು. ಮನೆಯ ಮುಂದೆ ನಿಲ್ಲಿಸುವಾಗ ಚಕ್ರ ಕಟ್ಟೆಗೆ ಉಜ್ಜಿತು. ಅವನು ಆಕಾಶ ನೋಡಿದ.

ಅವಳು ಇಳಿದು ಕೀಲಿಕೈಯನ್ನು ಬೆರಳಿಗೆ ಸುತ್ತಿ ತಿರುಗಿಸುತ್ತ, ಲಿಯಾ, ಲಿಯಾ, ನೋಡಿದ್ಯಾ ಎಂದು ಕರೆಯುತ್ತ ಬೀದಿ ಬಾಗಿಲ ಮೆಟ್ಟಿಲು ಹತ್ತಿದಳು. ಹಿಂದೆ ದಾಳಿಂಬೆ ಹಿಡಿದು ಬರುತ್ತಿದ್ದ ಅವನಿಗೆ ಅದು ಬಹಳ ಸ್ಪಷ್ಟವಾಗಿ ಕಂಡಿತು: ತೆರೆದ ಬಾಗಿಲು, ಅದರೊಳಕ್ಕೆ ಹೋದ ಒದ್ದೆ ಚಪ್ಪಲಿಯ ಕಾಲು, ಎಡಗಾಲು. ಅವಳು ಹೊಸ್ತಿಲ ಬಗ್ಗೆ, ವರ್ಷದ ಬಗ್ಗೆ, ಅವನ ಬಗ್ಗೆ ಪೂರ್ತಿ ಮರೆತಿದ್ದಳು. ಅವನು ಏನೂ ಯೋಚಿಸದೆ ದಾಳಿಂಬೆಯನ್ನು ಅವಳ ಹಿಂದೆಯೇ ಹೊಸ್ತಿಲಿಗೆ ಬೀಸಿ ಒಗೆದ. ಬಿರುಕಿದ್ದ ಹಣ್ಣು, ಹಿಂದೆಂದೂ ಚೆಲ್ಲದಷ್ಟು ದೂರ, ಅಡಿಗೆಮನೆಯವರೆಗೂ ಬೀಜ ಚೆಲ್ಲಿತು.

ಆ ಸದ್ದಿಗೆ ಅತ್ತೆ ಹೊರಬಂದಳು, ನೆಟ್ಟಗಾಗದ ಮಣಿಕಟ್ಟನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು. ಮೊದಲು ಅವನನ್ನು ನೋಡಿದಳು. ಅವನು ಇನ್ನೂ ಬಾಗಿಲ ಹೊರಗೇ ಇದ್ದ. ಆಮೇಲೆ ಮಗಳನ್ನು ನೋಡಿದಳು.

“ನೀನು ಬಂದ್ಯಾ ಮೊದಲು? ಯಾವ ಕಾಲಿಟ್ಟೆ?”

ಮೆರೋಪಿಯ ಮುಖದ ಬಣ್ಣ ಇಳಿಯಿತು. ತಗ್ಗಿ ತನ್ನ ಎರಡು ಕಾಲುಗಳನ್ನೂ ನೋಡಿಕೊಂಡಳು, ಅವು ಈಗ ಪಕ್ಕಪಕ್ಕದಲ್ಲಿ ನಿಂತು ಏನೂ ಹೇಳುತ್ತಿರಲಿಲ್ಲ. ಕೀಲಿಕೈ ಬೆರಳಿನಲ್ಲಿ ತಿರುಗುವುದು ನಿಂತಿತು.

“ಬಲಗಾಲು, ಅತ್ತೆ,” ಎಂದ ಅರ್ಗಿರಿಸ್. “ನಾನು ಹಿಂದೇನೇ ಇದ್ದೆನಲ್ಲ. ಕಣ್ಣಾರೆ ನೋಡಿದೆ.”

ಅತ್ತೆ ಅವನನ್ನು ಮೇಲಿನಿಂದ ಕೆಳಗಿನವರೆಗೆ ತೂಗಿ ನೋಡಿದಳು.

“ನೀನು ಹೇಳಿದ್ಮೇಲೆ ಸರಿ,” ಅಂದಳು. “ನೀನು ಇದನ್ನೆಲ್ಲ ನಂಬೋನಲ್ಲ. ಸುಳ್ಳು ಹೇಳಿ ನಿನಗೇನಾಗ್ಬೇಕು.”

ಅವಳು ಕಾಫಿ ಇಡಲು ಒಳಗೆ ಹೋದಳು. ಒಳಗಿನಿಂದ ಲಿಯಾ, ಅಮ್ಮ ನಿಜವಾಗ್ಲೂ ನೀನೇನಾ ಓಡಿಸಿದ್ದು ಎಂದು ಕೇಳುತ್ತಿದ್ದಳು. ಮೆರೋಪಿ ತಿರುವು ತಿರುವನ್ನೂ ಬಿಡಿಸಿ ಹೇಳತೊಡಗಿದ್ದಳು, ಸ್ಕೂಟರನ್ನು ಲಾರಿ ಮಾಡಿ. ಅರ್ಗಿರಿಸ್ ಹೊಸ್ತಿಲ ಹೊರಗೆ ನಿಂತೇ ಇದ್ದ. ಬಾಗಿಲೊಳಗಿನ ಬೂದುಬಣ್ಣದ ಕಲ್ಲಿನ ಮೇಲೆ, ಕೆಂಪು ಬೀಜಗಳ ನಡುವೆ, ಒದ್ದೆ ಚಪ್ಪಲಿಯ ಗುರುತೊಂದಿತ್ತು. ಹೆಬ್ಬೆರಳಿನ ಬದಿ ಯಾವುದೆಂದು ಯಾರು ಬೇಕಾದರೂ ಹೇಳಬಹುದಾಗಿತ್ತು. ಅತ್ತೆ ನೆಲ ಒರೆಸಲು ಬಂದರೆ ಮೊದಲು ಕಾಣುವುದು ಅದೇ. ಅವನು ಬಲಗಾಲನ್ನು ಎತ್ತಿ ಅದರ ಮೇಲೆ ಸರಿಯಾಗಿ ಹೊಂದುವ ಹಾಗೆ ಇಟ್ಟ. ಒಳಗಿನಿಂದ ಕಾಫಿಯ ವಾಸನೆ ಬಂತು, ಅತ್ತೆ ಯಾಕಪ್ಪ ಅಲ್ಲೇ ನಿಂತೆ, ಬಾ ಒಳಗೆ ಎಂದು ಕರೆದಳು, ಬಂದೆ ಬಂದೆ ಅಂದ. ಕಲ್ಲು ಆರುವವರೆಗೂ ಆ ಕಾಲನ್ನು ಅಲುಗಿಸಲಿಲ್ಲ.